ನರ್ಸ್ ಪ್ರಾಕ್ಟೀಷನರ್ ತರಬೇತಿಯ ಮಟ್ಟ ಏರಿಸುವ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಓದಬೇಕು ಅಂತಿರುವವರು, ಓದುತ್ತಿರುವವರು, ಅವರ ಹತ್ತಿರ ಚಿಕಿತ್ಸೆಗೆ ಹೋಗುವವರು ಒಂದೇ ವಿಷಯವನ್ನು ಬೇರೆ ಬೇರೆ ರೀತಿ ಕೇಳುತ್ತಾರೆ: ಇವರ ತರಬೇತಿ ಸಾಕಾ? ಈ ಪುಟದಲ್ಲಿರುವುದು ಅಂಥ ಪ್ರಶ್ನೆಗಳು. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ನರ್ಸ್ ಪ್ರಾಕ್ಟೀಷನರ್ ಅಂದ್ರೆ ಯಾರು? ಮಾಮೂಲಿ ನರ್ಸ್‌ಗೂ ಇವರಿಗೂ ಏನು ವ್ಯತ್ಯಾಸ?

ನರ್ಸಿಂಗ್ ಲೈಸೆನ್ಸ್ ಪಡೆದು, ಅದರ ಮೇಲೆ ಸ್ನಾತಕೋತ್ತರ ಪದವಿಯನ್ನೋ ಡಾಕ್ಟರೇಟನ್ನೋ ಮಾಡಿ, ರೋಗ ಪತ್ತೆ ಮಾಡಲು, ರಕ್ತ ಪರೀಕ್ಷೆ ಎಕ್ಸ್‌ರೇಯಂಥವನ್ನು ಮಾಡಿಸಲು, ಔಷಧಿ ಕೊಡಲು ಅಧಿಕಾರ ಪಡೆದವರು. ಚಿಕ್ಕದಾಗಿ ಎನ್‌ಪಿ ಅಂತಾರೆ. ಔಷಧಿ ಬರೆಯುವ ಅಧಿಕಾರ ಅಮೆರಿಕದ 50 ರಾಜ್ಯಗಳಲ್ಲೂ ಇದೆ. ಡಾಕ್ಟರ ಮೇಲ್ವಿಚಾರಣೆಯಾಗಲಿ ಒಪ್ಪಂದವಾಗಲಿ ಇಲ್ಲದೆ ಸ್ವತಂತ್ರವಾಗಿ ಕೆಲಸ ಮಾಡುವ ಅವಕಾಶ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿದೆ.

ವ್ಯತ್ಯಾಸ ಇರುವುದು ಜವಾಬ್ದಾರಿಯಲ್ಲಿ. ನರ್ಸ್ ಆಗಿದ್ದಾಗ "ಈ ರೋಗಿಗೆ ಏನೋ ಸರಿಯಿಲ್ಲ" ಅಂತ ಗುರುತಿಸಿ ಹೇಳುವುದು ದೊಡ್ಡ ಕೆಲಸ. ಎನ್‌ಪಿ ಆದ ಮೇಲೆ ಆ "ಏನೋ" ಏನು ಅಂತ ತಾನೇ ಹೇಳಬೇಕು, ಅದಕ್ಕೆ ತಾನೇ ಸಹಿ ಹಾಕಬೇಕು.

ಇದು ಯಾವಾಗ ಶುರುವಾಯಿತು?

1965ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟ್ಟಾ ಫೋರ್ಡ್ ಅನ್ನುವ ನರ್ಸ್, ಹೆನ್ರಿ ಸಿಲ್ವರ್ ಅನ್ನುವ ಮಕ್ಕಳ ಡಾಕ್ಟರ್ ಸೇರಿ ಶುರು ಮಾಡಿದರು. ಡಾಕ್ಟರು ಸಿಗದ ಕಡೆ ಮಕ್ಕಳ ಆರೋಗ್ಯ ನೋಡಿಕೊಳ್ಳುವುದು ಉದ್ದೇಶ. ವಯಸ್ಸಾದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಅನ್ನುವ ಸರ್ಕಾರಿ ಆರೋಗ್ಯ ವಿಮೆ ಯೋಜನೆಗಳು ಬಂದಿದ್ದೂ ಅದೇ ವರ್ಷ. ಚಿಕಿತ್ಸೆಗೆ ಬರುವ ಜನ ಒಮ್ಮೆಗೇ ಜಾಸ್ತಿಯಾದರು, ನೋಡುವ ಕೈಗಳು ಅಷ್ಟೇ ಇದ್ದವು.

ಇಲ್ಲಿ ಒಂದು ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ. ಆಗ ಸೇರಿದವರು ಸಾರ್ವಜನಿಕ ಆರೋಗ್ಯದಲ್ಲಿ ಆಗಲೇ ಪಳಗಿದ್ದ ನರ್ಸ್‌ಗಳು. ತರಬೇತಿ ಚಿಕ್ಕದಾಗಿದ್ದರೂ ನಡೆದದ್ದು ಅದಕ್ಕೇ. ಫೋರ್ಡ್ 2025ರ ಜನವರಿಯಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಹೊತ್ತಿಗೆ ದೇಶದಲ್ಲಿ ಎನ್‌ಪಿಗಳ ಸಂಖ್ಯೆ 4 ಲಕ್ಷ ದಾಟಿತ್ತು.

ಮಟ್ಟ ಏರಿಸಬೇಕು ಅನ್ನುವ ಕೂಗು ಈಗ ಯಾಕೆ?

ಬೇಡಿಕೆ ಓಡುತ್ತಿದೆ, ತರಬೇತಿ ಹಿಂದೆ ಬಿದ್ದಿದೆ. 2023ರಿಂದ 2033ರ ನಡುವೆ ಎನ್‌ಪಿ ಕೆಲಸಗಳು ಶೇ 46ರಷ್ಟು ಬೆಳೆಯುತ್ತವೆ ಎಂದು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಅಂದಾಜು ಮಾಡಿದೆ. ಹೀಗೆ ಬೆಳೆಯುವ ಕಡೆ ಕಾಲೇಜುಗಳೂ ಹುಟ್ಟಿಕೊಳ್ಳುತ್ತವೆ. ಪಾಠ ಮಾಡುವವರು, ಕೈಹಿಡಿದು ಕಲಿಸುವವರು ಮಾತ್ರ ಅದೇ ವೇಗದಲ್ಲಿ ಹುಟ್ಟಲ್ಲ.

ಇನ್ನೊಂದು ಕಾರಣ ಸ್ವಾತಂತ್ರ್ಯ. ಹಿಂದೆ ಹೊಸ ಎನ್‌ಪಿ ಪಕ್ಕದಲ್ಲಿ ಒಬ್ಬರು ಡಾಕ್ಟರ್ ಇರುತ್ತಿದ್ದರು, ಓದಿನಲ್ಲಿ ಬಿಟ್ಟುಹೋದದ್ದನ್ನು ಕೆಲಸದಲ್ಲಿ ತುಂಬಿಕೊಳ್ಳಬಹುದಿತ್ತು. ಈಗ ಹಲವು ರಾಜ್ಯಗಳಲ್ಲಿ ಆ ಪಕ್ಕದವರು ಇರಲೇಬೇಕು ಅಂತ ಕಾನೂನಿಲ್ಲ. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಮೊದಲು ಕೆಲಸದಲ್ಲಿ ಕಲಿಯುತ್ತಿದ್ದದ್ದನ್ನು ಈಗ ಓದಿನಲ್ಲೇ ಕಲಿಸಬೇಕಾಗುತ್ತದೆ, ಅಲ್ವಾ?

500 ಗಂಟೆ, 750 ಗಂಟೆ ಅಂತ ಚರ್ಚೆ ಮಾಡ್ತಾರಲ್ಲ, ಏನದು?

ವಿದ್ಯಾರ್ಥಿ ನಿಜವಾದ ರೋಗಿಗಳ ಜೊತೆ, ಒಬ್ಬ ಅನುಭವಿಯ ಕೈಕೆಳಗೆ ಕಳೆಯಬೇಕಾದ ಕನಿಷ್ಠ ಸಮಯ. ಹಲವು ನರ್ಸಿಂಗ್ ಸಂಘಟನೆಗಳು ಸೇರಿ ಮಾಡಿಕೊಂಡ ರಾಷ್ಟ್ರೀಯ ಕಾರ್ಯಪಡೆ ಈ ಮಾನದಂಡಗಳನ್ನು ಬರೆಯುತ್ತದೆ. ತುಂಬ ವರ್ಷ ಇದು 500 ಗಂಟೆಯಲ್ಲೇ ನಿಂತಿತ್ತು. 2022ರ ಆವೃತ್ತಿಯಲ್ಲಿ 750 ಆಯಿತು.

ಲೆಕ್ಕ ಹಾಕಿ ನೋಡಿ. ವಾರಕ್ಕೆ 40 ಗಂಟೆ ಅಂದುಕೊಂಡರೆ 500 ಗಂಟೆ ಅಂದ್ರೆ ಹನ್ನೆರಡೂವರೆ ವಾರ, ಮೂರು ತಿಂಗಳು. 750 ಅಂದ್ರೆ 19 ವಾರಕ್ಕೂ ಸ್ವಲ್ಪ ಕಮ್ಮಿ. ಅಷ್ಟರಲ್ಲಿ ಫ್ಯಾಮಿಲಿ ಎನ್‌ಪಿ ಆಗುವವರು ಕೈಗೂಸಿನಿಂದ ಹಿಡಿದು ತೊಂಬತ್ತರ ಅಜ್ಜಿಯವರೆಗೆ ಎಲ್ಲರನ್ನೂ ನೋಡಲು ತಯಾರಾಗಬೇಕು. ಇದು ಕನಿಷ್ಠ ಮಿತಿ, ಒಳ್ಳೆಯ ಕಾಲೇಜುಗಳು ಇದಕ್ಕಿಂತ ಜಾಸ್ತಿ ಮಾಡಿಸುತ್ತವೆ, ನಿಜ. ಆದರೆ ಕನಿಷ್ಠ ಮಿತಿ ಇಡುವುದೇ ಕನಿಷ್ಠ ಮಾಡುವವರಿಗಾಗಿ.

ಬೇರೆ ಕೋರ್ಸ್‌ಗಳಲ್ಲಿ ಎಷ್ಟಿರುತ್ತದೆ?

ಡಾಕ್ಟರ ಜೊತೆ ಸೇರಿ ರೋಗಿಗಳನ್ನು ನೋಡುವ ಫಿಸಿಷಿಯನ್ ಅಸಿಸ್ಟೆಂಟ್ ಆಗುವವರಿಗೆ ಸುಮಾರು 2,000 ಗಂಟೆ. ಡಾಕ್ಟರಿಗೆ ವೈದ್ಯಕೀಯ ಕಾಲೇಜು ನಾಲ್ಕು ವರ್ಷ, ಆಮೇಲೆ ಫ್ಯಾಮಿಲಿ ಮೆಡಿಸಿನ್‌ಗೆ ಮೂರು ವರ್ಷದ ರೆಸಿಡೆನ್ಸಿ, ಅಂದರೆ ಹಿರಿಯರ ಕೈಕೆಳಗೆ ಕೆಲಸ ಮಾಡುತ್ತಲೇ ಕಲಿಯುವುದು. ಆ ರೆಸಿಡೆನ್ಸಿಯಲ್ಲಿ ವಾರಕ್ಕೆ 80 ಗಂಟೆ ಮೀರಬಾರದು ಅಂತ ಮಿತಿ ಹಾಕಬೇಕಾಗಿ ಬಂತು ಅಂದಮೇಲೆ ಉಳಿದದ್ದು ನೀವೇ ಊಹಿಸಿ.

ನನಗೆ ಇವೆರಡಕ್ಕಿಂತ ಮುಖ್ಯ ಅನ್ನಿಸುವ ಹೋಲಿಕೆ ಮನೆಯೊಳಗಿನದು. ಅರಿವಳಿಕೆ ಕೊಡುವ ನರ್ಸ್‌ಗಳು, ಅಂದರೆ ನರ್ಸ್ ಅನೆಸ್ತೆಟಿಸ್ಟ್‌ಗಳು, ಇದೇ ನರ್ಸಿಂಗ್‌ನಿಂದ ಬಂದವರು. ಅವರಿಗೆ ಕನಿಷ್ಠ 2,000 ಕ್ಲಿನಿಕಲ್ ಗಂಟೆ, ಜೊತೆಗೆ ನೂರಾರು ಕೇಸ್ ಕಡ್ಡಾಯ. ಸೇರುವ ಮೊದಲೇ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡಿರಬೇಕು. 2022ರ ಜನವರಿಯಿಂದ ಸೇರುವ ಎಲ್ಲರಿಗೂ ಡಾಕ್ಟರೇಟ್ ಮಟ್ಟದ ಓದು. "ನರ್ಸಿಂಗ್ ಬೇರೆ, ವೈದ್ಯಕೀಯ ಬೇರೆ, ಹೋಲಿಸಬೇಡಿ" ಅನ್ನುವವರು ಈ ಹೋಲಿಕೆಗೆ ಏನು ಹೇಳುತ್ತಾರೋ ಕೇಳುವ ಆಸೆ ನನಗಿದೆ.

ಆಸ್ಟ್ರೇಲಿಯಾ ಬೇರೆ ದಾರಿ ಹಿಡಿದಿದೆ. ಅಲ್ಲಿ ಎನ್‌ಪಿ ಅಂತ ಅನುಮೋದನೆ ಬೇಕಿದ್ದರೆ, ಸ್ನಾತಕೋತ್ತರ ಪದವಿಯ ಜೊತೆಗೆ ಉನ್ನತ ಮಟ್ಟದ ನರ್ಸಿಂಗ್‌ನಲ್ಲಿ 5,000 ಗಂಟೆ ಕೆಲಸ ಮಾಡಿದ ದಾಖಲೆ ತೋರಿಸಬೇಕು. ಅದೂ ಕಳೆದ ಆರು ವರ್ಷದೊಳಗೆ.

ಹಾಗಾದ್ರೆ ಗಂಟೆ ಜಾಸ್ತಿ ಮಾಡಿಬಿಟ್ಟರೆ ಆಯ್ತಲ್ಲ?

ಆಗಲ್ಲ. ಗಂಟೆ ಬೇಕು, ಆದರೆ ಗಂಟೆಯೊಳಗೆ ಏನು ನಡೆಯಿತು ಅನ್ನುವುದು ಅದಕ್ಕಿಂತ ಜಾಸ್ತಿ ಬೇಕು.

ಒಬ್ಬ ವಿದ್ಯಾರ್ಥಿನಿ ಅಂದುಕೊಳ್ಳಿ. ಅವಳ ಮುಂದೆ 58 ವರ್ಷದ ಒಬ್ಬರು ಕೂತಿದ್ದಾರೆ. ಎರಡು ತಿಂಗಳಿಂದ ಒಣಕೆಮ್ಮು. ಜ್ವರ ಇಲ್ಲ, ಕಫ ಇಲ್ಲ. ರಾತ್ರಿ ಗಂಟಲು ಕೆರೆದಂತಾಗುತ್ತದೆ, ಹೆಂಡತಿಗೂ ನಿದ್ದೆ ಇಲ್ಲ. ಅವಳು ಎದೆಗೆ ಸ್ಟೆತಸ್ಕೋಪ್ ಇಟ್ಟಳು, ಶ್ವಾಸಕೋಶ ಸ್ವಚ್ಛವಾಗಿ ಕೇಳಿಸಿತು. ಹೊರಗೆ ಬಂದು ತನ್ನ ಪ್ರಿಸೆಪ್ಟರ್‌ಗೆ, ಅಂದರೆ ಕ್ಲಿನಿಕ್ಕಿನಲ್ಲಿ ತನಗೆ ಕಲಿಸುವ ಅನುಭವಿಗೆ, ಹೇಳಿದಳು: "ಅಲರ್ಜಿ ಇರಬಹುದು. ಸಿರಪ್ ಕೊಟ್ಟು, ಒಂದು ಎಕ್ಸ್‌ರೇ ಮಾಡಿಸೋಣ." ಪ್ರಿಸೆಪ್ಟರ್ ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. "ಅವರ ಮಾತ್ರೆ ಪಟ್ಟಿ ಓದಿದ್ಯಾ?" ಅಂದರು ಅಷ್ಟೇ. ಅವಳು ವಾಪಸ್ ಹೋಗಿ ನೋಡಿದಳು. ಹತ್ತು ವಾರದ ಹಿಂದೆ ಬಿಪಿಗೆ ಲಿಸಿನೊಪ್ರಿಲ್ ಶುರುವಾಗಿದೆ. ಆ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ ಅಂತ ಅವಳು ಫಾರ್ಮಕಾಲಜಿಯಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ರೋಗಿ ಎದುರು ಕೂತಾಗ ಅದು ನೆನಪಿಗೆ ಬರಲಿಲ್ಲ. ಮಾತ್ರೆ ಬದಲಾಯಿಸಿದರು. ಇನ್ನು ಆಕೆ ಎಲ್ಲೇ ಇರಲಿ, ಒಣಕೆಮ್ಮು ಅಂತ ಯಾರು ಬಂದರೂ ಕೈ ತಾನಾಗೇ ಮಾತ್ರೆ ಪಟ್ಟಿಗೆ ಹೋಗುತ್ತದೆ.

ಈಗ ಅದೇ ರೋಗಿ, ಬೇರೆ ಕ್ಲಿನಿಕ್. ಪ್ರಿಸೆಪ್ಟರ್‌ಗೆ ಆ ದಿನ ಇಪ್ಪತ್ತೈದು ಜನ ಕಾಯುತ್ತಿದ್ದಾರೆ. ವಿದ್ಯಾರ್ಥಿನಿ ಮೂಲೆಯಲ್ಲಿ ನಿಂತಿದ್ದಾಳೆ. ಅವರೇ ಪಟ್ಟಿ ನೋಡಿದರು, ಅವರೇ ಮಾತ್ರೆ ಬದಲಿಸಿದರು, ಮುಂದಿನ ಕೋಣೆಗೆ ಹೊರಟರು. ಯಾಕೆ ಅಂತ ಕೇಳಲು ಸಮಯ ಇರಲಿಲ್ಲ. ಸಂಜೆ ಅವಳು ದಾಖಲೆಯಲ್ಲಿ ಬರೆದಳು: ಕೆಮ್ಮು, 20 ನಿಮಿಷ.

ಎರಡೂ ದಾಖಲೆಯಲ್ಲಿ 20 ನಿಮಿಷ ಅಂತಲೇ ಇರುತ್ತದೆ. 750 ಗಂಟೆಯನ್ನು ಇಂಥ ಎರಡನೇ ತರಹದ ನಿಮಿಷಗಳಿಂದಲೂ ತುಂಬಿಸಬಹುದು. ಇಷ್ಟು ಗಂಟೆ ಆಯಿತೇ ಅಂತ ಬಿಟ್ಟು ಇದು ಬರುತ್ತದೆಯೇ ಅಂತ ಅಳೆಯಬೇಕು ಅನ್ನುವ ವಾದ ಬಲವಾಗಿದ್ದು ಇದರಿಂದಲೇ. ನರ್ಸಿಂಗ್ ಕಾಲೇಜುಗಳ ಅಮೆರಿಕನ್ ಸಂಘ 2021ರಲ್ಲಿ ತನ್ನ ಪಠ್ಯದ ಚೌಕಟ್ಟನ್ನು ಸಾಮರ್ಥ್ಯ ಆಧಾರಿತವಾಗಿ, 10 ವಲಯಗಳಾಗಿ ತಿದ್ದಿ ಬರೆಯಿತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಸಾಮರ್ಥ್ಯ ಇದೆಯೋ ಇಲ್ಲವೋ ಅಂತ ಪಕ್ಕದಲ್ಲಿ ನಿಂತು ನೋಡಿ ಹೇಳುವವರು ಬೇಕಲ್ಲ? ಸುತ್ತಿ ಸುತ್ತಿ ಪ್ರಿಸೆಪ್ಟರ್ ಹತ್ತಿರವೇ ಬರುತ್ತೇವೆ.

ಪ್ರಿಸೆಪ್ಟರ್ ಸಿಗೋದು ಅಷ್ಟು ಕಷ್ಟ ಯಾಕೆ?

ಯಾಕಂದ್ರೆ ಬಹಳ ಕಡೆ ಅದು ಪುಕ್ಕಟೆ ಕೆಲಸ. ವಿದ್ಯಾರ್ಥಿಗೆ ಕಲಿಸುತ್ತಾ ಕೂತರೆ ದಿನಕ್ಕೆ ನೋಡುವ ರೋಗಿಗಳು ಕಮ್ಮಿಯಾಗುತ್ತಾರೆ. ಕ್ಲಿನಿಕ್ಕಿನ ಲೆಕ್ಕದಲ್ಲಿ ಅದು ನಷ್ಟ. ಡಾಕ್ಟರ ರೆಸಿಡೆನ್ಸಿಗೆ 1965ರಿಂದಲೂ ಮೆಡಿಕೇರ್ ದುಡ್ಡು ಹರಿದು ಬರುತ್ತಿದೆ. ಎನ್‌ಪಿ ವಿದ್ಯಾರ್ಥಿಗೆ ಕಲಿಸುವವರಿಗೆ ಅಂಥ ದೊಡ್ಡ ಹರಿವು ಯಾವುದೂ ಇಲ್ಲ. ಜಾರ್ಜಿಯಾ, ಮೇರಿಲ್ಯಾಂಡ್, ಹವಾಯಿಯಂಥ ಕೆಲವು ರಾಜ್ಯಗಳು ಪ್ರಿಸೆಪ್ಟರ್‌ಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತವೆ. ಒಳ್ಳೆಯದೇ, ಆದರೆ ಅದು ಧನ್ಯವಾದ ಹೇಳಿದಷ್ಟಾಯಿತು, ಸಂಬಳ ಕೊಟ್ಟಂತಲ್ಲ.

ಇದರ ಬಿಸಿ ತಟ್ಟುವುದು ವಿದ್ಯಾರ್ಥಿಗೆ. ಎಷ್ಟೋ ಕಾಲೇಜುಗಳು ಫೀಸು ತಗೊಂಡು, "ಪ್ರಿಸೆಪ್ಟರ್ ನೀವೇ ಹುಡುಕಿಕೊಳ್ಳಿ" ಅಂದುಬಿಡುತ್ತವೆ. ಹಗಲು ಡ್ಯೂಟಿ ಮಾಡಿ ಬಂದ ನರ್ಸ್ ರಾತ್ರಿ ಕೂತು ಕ್ಲಿನಿಕ್ಕುಗಳಿಗೆ ಮೇಲ್ ಮೇಲೆ ಮೇಲ್ ಕಳಿಸುತ್ತಾಳೆ. ನೂರಕ್ಕೆ ಕಳಿಸಿದರೆ ಎರಡೋ ಮೂರೋ ಉತ್ತರ. ಈ ಪಾಡನ್ನೇ ಬಂಡವಾಳ ಮಾಡಿಕೊಂಡು ದುಡ್ಡಿಗೆ ಪ್ರಿಸೆಪ್ಟರ್ ಹುಡುಕಿಕೊಡುವ ಕಂಪನಿಗಳೂ ಇವೆ. ಸೆಮಿಸ್ಟರ್ ಶುರುವಾಗಲು ಎರಡು ವಾರ ಇದ್ದಾಗ ಯಾರು ಸಿಕ್ಕರೂ ಸಾಕು ಅನ್ನುವ ಸ್ಥಿತಿ. ಸಿಕ್ಕವರು ಚೆನ್ನಾಗಿ ಕಲಿಸುತ್ತಾರಾ ಅಂತ ಯೋಚಿಸುವ ಹಂತಕ್ಕೇ ಹೋಗುವುದಿಲ್ಲ.

ಇದನ್ನು ಸರಿಮಾಡದೆ ಗಂಟೆಯನ್ನು 1,000ಕ್ಕೋ 2,000ಕ್ಕೋ ಏರಿಸಿದರೆ ಏನಾಗುತ್ತದೆ? ಬಾವಿಯಲ್ಲಿ ನೀರಿಲ್ಲದಾಗ ಕೊಡದ ಸಂಖ್ಯೆ ಹೆಚ್ಚಿಸಿದಂತಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಎಲ್ಲಕ್ಕಿಂತ ಮೊದಲು ಬರಬೇಕಾದ ನಿಯಮ ಇದು: ಪ್ರಿಸೆಪ್ಟರ್ ಹುಡುಕುವುದು ಕಾಲೇಜಿನ ಕೆಲಸ. ಎಷ್ಟು ಪ್ರಿಸೆಪ್ಟರ್ ಇದ್ದಾರೋ ಅಷ್ಟೇ ಸೀಟು. ಈ ಒಂದು ಸಾಲು ಗಟ್ಟಿಯಾಗಿ ಜಾರಿಯಾದರೆ ಕಳಪೆ ಕೋರ್ಸ್‌ಗಳು ತಾವಾಗೇ ಚಿಕ್ಕದಾಗುತ್ತವೆ.

ಆನ್‌ಲೈನ್ ಕೋರ್ಸ್ ಅಂದ್ರೆ ಕಳಪೆ ಅಂತಲೇ?

ಸುಮ್ನೆ ಹಾಗೆ ಹೇಳಲಾಗದು. ಪ್ಯಾಥೋಫಿಸಿಯಾಲಜಿಯನ್ನು, ಅಂದರೆ ರೋಗ ಬಂದಾಗ ದೇಹದೊಳಗೆ ಏನಾಗುತ್ತದೆ ಅನ್ನುವುದನ್ನು, ಪರದೆ ಮೇಲೆ ಚೆನ್ನಾಗಿಯೇ ಕಲಿಸಬಹುದು. ಮಕ್ಕಳಿರುವವರಿಗೆ, ದೂರದ ಊರಿನ ನರ್ಸ್‌ಗಳಿಗೆ ಅದೇ ದಾರಿ. ದೈಹಿಕ ಪರೀಕ್ಷೆ ಮಾತ್ರ ಪರದೆ ಮೇಲೆ ಬರುವುದಿಲ್ಲ. ಯಕೃತ್ತಿನ ಅಂಚು ಕೈಗೆ ಸಿಗುವುದು ಹೇಗೆ ಅಂತ ಕೈಯೇ ಕಲಿಯಬೇಕು. ಕ್ಯಾಂಪಸ್ಸಿಗೆ ಕರೆಸಿ ದಿನಗಟ್ಟಲೆ ಕೈಯಲ್ಲಿ ಮಾಡಿಸುವ ಆನ್‌ಲೈನ್ ಕೋರ್ಸ್‌ಗಳಿವೆ. ವಿದ್ಯಾರ್ಥಿಯ ಮುಖವನ್ನೇ ನೋಡದೆ ಪದವಿ ಕೊಡುವವೂ ಇವೆ. ಎರಡಕ್ಕೂ ಆನ್‌ಲೈನ್ ಅಂತಲೇ ಹೆಸರು.

ಎನ್‌ಪಿ ಓದುವ ಮೊದಲು ನರ್ಸ್ ಆಗಿ ಕೆಲಸ ಮಾಡಿರಬೇಕು ಅಂತ ಕಡ್ಡಾಯ ಮಾಡಬೇಕಾ?

ಇಲ್ಲಿ ಜಗಳ ಜೋರಾಗಿದೆ. ಈಗ ಬೇರೆ ವಿಷಯದಲ್ಲಿ ಪದವಿ ಮಾಡಿದವರೂ ಒಂದೇ ಓಟದಲ್ಲಿ ನರ್ಸಿಂಗ್ ಮತ್ತು ಎನ್‌ಪಿ ಎರಡನ್ನೂ ಮುಗಿಸುವ ಕೋರ್ಸ್‌ಗಳಿವೆ. ಅವುಗಳ ಪರ ಇರುವವರು ನರ್ಸ್ ಕೆಲಸ ಬೇರೆ, ರೋಗ ಪತ್ತೆ ಮಾಡುವ ಕೆಲಸ ಬೇರೆ ಅನ್ನುತ್ತಾರೆ. ಹತ್ತು ವರ್ಷ ವಾರ್ಡಿನಲ್ಲಿದ್ದರೂ ಡಯಾಗ್ನೋಸಿಸ್ ಮಾಡುವ ಅಭ್ಯಾಸ ತಾನಾಗಿ ಬರುವುದಿಲ್ಲ. ಇದರಲ್ಲಿ ನಿಜ ಇದೆ.

ಆದರೆ ಮೊದಲು ಹೇಳಿದ್ದು ನೆನಪಿಸಿಕೊಳ್ಳಿ. ಈ ತರಬೇತಿಯನ್ನು ಚಿಕ್ಕದಾಗಿ ಇಟ್ಟದ್ದೇ ಬರುವವರು ಪಳಗಿದವರು ಅನ್ನುವ ನಂಬಿಕೆ ಮೇಲೆ. ರೋಗಿಯ ಮುಖ ನೋಡಿ "ಇವರು ಕುಸಿಯುತ್ತಿದ್ದಾರೆ" ಅಂತ ಅನ್ನಿಸುವುದಿದೆಯಲ್ಲ, ಅದು ಪುಸ್ತಕದಿಂದ ಬರುವುದಲ್ಲ. ಅನುಭವ ಬೇಡ ಅನ್ನುವುದಾದರೆ ತರಬೇತಿ ಉದ್ದ ಆಗಬೇಕು. ತರಬೇತಿ ಚಿಕ್ಕದಾಗೇ ಇರಲಿ ಅನ್ನುವುದಾದರೆ ಅನುಭವ ಬೇಕು. ಎರಡನ್ನೂ ಕೈಬಿಟ್ಟು ನಡೆಸುವ ಕೋರ್ಸ್ ಬಗ್ಗೆ ನನಗೆ ಭಯ.

ಎಲ್ಲರಿಗೂ ಡಾಕ್ಟರೇಟ್ ಮಾಡಿದರೆ ಸರಿಹೋಗುತ್ತದಾ?

ಡಿಎನ್‌ಪಿ, ಅಂದರೆ ನರ್ಸಿಂಗ್ ಪ್ರಾಕ್ಟೀಸ್‌ನಲ್ಲಿ ಡಾಕ್ಟರೇಟ್, ಎಲ್ಲರಿಗೂ ಬರಲಿ ಅಂತ ಕಾಲೇಜುಗಳ ಸಂಘ 2004ರಲ್ಲೇ ಹೇಳಿತು. ಗುರಿ 2015. ಆಗಲಿಲ್ಲ. ಆಮೇಲೆ ಎನ್‌ಪಿ ಅಧ್ಯಾಪಕರ ರಾಷ್ಟ್ರೀಯ ಸಂಘಟನೆ 2025 ಅಂತ ಹೊಸ ಗುರಿ ಇಟ್ಟಿತು. ಅದೂ ಬಂದು ಹೋಯಿತು, ಮಾಸ್ಟರ್ಸ್ ದಾರಿ ತೆರೆದೇ ಇದೆ.

ಬೇಸರ ಪಡಬೇಕಾ? ನನಗೇನೂ ಅಷ್ಟು ಬೇಸರ ಇಲ್ಲ. ಡಿಎನ್‌ಪಿಯಲ್ಲಿ ಜಾಸ್ತಿಯಾಗುವ ಪಾಠ ಬಹಳಷ್ಟು ಸಲ ಗುಣಮಟ್ಟ ಸುಧಾರಣೆ, ನಾಯಕತ್ವ, ನೀತಿ, ಒಂದು ಪ್ರಾಜೆಕ್ಟ್. ಒಳ್ಳೆಯ ವಿಷಯಗಳೇ. ಆದರೆ ಕೆಮ್ಮಿನವರ ಮಾತ್ರೆ ಪಟ್ಟಿ ನೋಡುವ ಅಭ್ಯಾಸ ಅದರಿಂದ ಬರುವುದಿಲ್ಲ. ಸೇರಿಸುವ ಗಂಟೆಗಳು ರೋಗಿಯ ಹತ್ತಿರದ್ದಾದರೆ ಸರಿ. ಬರೀ ಹೆಸರಿನ ಮುಂದಿನ ಅಕ್ಷರ ಬದಲಾದರೆ, ಫೀಸು ಒಂದೇ ಏರಿದ್ದು.

ಪದವಿ ಆದ ಮೇಲೆ ರಾಷ್ಟ್ರೀಯ ಪರೀಕ್ಷೆ ಇದೆಯಲ್ಲ? ಕಳಪೆಯವರು ಅಲ್ಲೇ ಉದುರುವುದಿಲ್ವಾ?

ಕೆಲವರು ಉದುರುತ್ತಾರೆ. ಆದರೆ ಆ ಪರೀಕ್ಷೆ ಕಂಪ್ಯೂಟರ್ ಮುಂದೆ ಕೂತು ಉತ್ತರ ಆರಿಸುವುದು. ಉದಾಹರಣೆಗೆ ಫ್ಯಾಮಿಲಿ ಎನ್‌ಪಿಗಳು ಬರೆಯುವ ಎರಡು ಪರೀಕ್ಷೆಗಳಲ್ಲಿ ಒಂದರಲ್ಲಿ 150 ಪ್ರಶ್ನೆ, ಮೂರು ಗಂಟೆ. ಅಲ್ಲಿ ರೋಗಿ ಅಳುವುದಿಲ್ಲ, ಸುಳ್ಳು ಹೇಳುವುದಿಲ್ಲ, ಮಾತ್ರೆ ಹೆಸರು ಮರೆಯುವುದಿಲ್ಲ. ಮುಖ್ಯ ವಿಷಯವನ್ನು ಪ್ರಶ್ನೆಯೇ ಹೇಳಿಕೊಟ್ಟಿರುತ್ತದೆ.

ಸರಿ, ಡಾಕ್ಟರಿಗೂ ಒಂದು ಮಾತು. ನಟ ರೋಗಿಗಳನ್ನು ಮುಂದೆ ಕೂರಿಸಿ ಮಾಡುತ್ತಿದ್ದ ಅವರ ರಾಷ್ಟ್ರೀಯ ಕೌಶಲ ಪರೀಕ್ಷೆಯನ್ನು 2021ರಲ್ಲಿ ಪೂರ್ತಿ ನಿಲ್ಲಿಸಿದರು. ಆದರೆ ಅವರ ಹಿಂದೆ ರೆಸಿಡೆನ್ಸಿ ಅನ್ನುವ ಉದ್ದದ ಜರಡಿ ಇದೆ.

ನಿಜವಾದ ರೋಗಿಯ ಬದಲು ಬೊಂಬೆ ಮೇಲೆ ಅಭ್ಯಾಸ ಮಾಡಿಸುವ ಸಿಮ್ಯುಲೇಶನ್ ಲ್ಯಾಬ್‌ನಲ್ಲಿ ಕಲಿತರೆ ಆಗದಾ?

ಅಪರೂಪಕ್ಕೆ ಬರುವ, ತಪ್ಪಿದರೆ ಜೀವಕ್ಕೇ ಅಪಾಯವಾಗುವ ಸಂದರ್ಭಗಳಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಕನಿಷ್ಠ ಗಂಟೆಯ ಲೆಕ್ಕಕ್ಕೆ ಮಾತ್ರ ಅದು ಸೇರುವುದಿಲ್ಲ. ಆ ಗಂಟೆ ನೇರ ರೋಗಿ ಆರೈಕೆಯದೇ ಆಗಿರಬೇಕು.

ರೆಸಿಡೆನ್ಸಿ ಎನ್‌ಪಿಗಳಿಗೂ ಇದೆಯಾ?

ಇದೆ, ಕಡ್ಡಾಯ ಅಲ್ಲ. 2007ರಲ್ಲಿ ಕನೆಕ್ಟಿಕಟ್‌ನ ಒಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿ ಮಾರ್ಗರೆಟ್ ಫ್ಲಿಂಟರ್ ಅವರ ಮುಂದಾಳತ್ವದಲ್ಲಿ ಪ್ರಾಥಮಿಕ ಆರೈಕೆಯ ಎನ್‌ಪಿಗಳಿಗಾಗಿ ಮೊದಲ ರೆಸಿಡೆನ್ಸಿ ಶುರುವಾಯಿತು. ಸಾಮಾನ್ಯವಾಗಿ ಒಂದು ವರ್ಷ. ಸಂಬಳ ಇರುತ್ತದೆ, ಪೂರ್ತಿ ಕೆಲಸಕ್ಕೆ ಸೇರಿದವರಿಗಿಂತ ಕಮ್ಮಿ. ಮೊದಲ ವರ್ಷ ಕೇಳಲು ಒಬ್ಬರು ಇರುತ್ತಾರೆ ಅನ್ನುವುದೇ ದೊಡ್ಡ ಲಾಭ. ಸೀಟು ಸಿಕ್ಕರೆ ಸಂಬಳದ ಲೆಕ್ಕ ನೋಡಬೇಡಿ, ಸೇರಿಬಿಡಿ. ಆದರೆ ವರ್ಷವರ್ಷ ಹೊರಬರುವವರ ಮುಂದೆ ಈ ಸೀಟುಗಳು ತೀರಾ ಕಮ್ಮಿ.

ಎನ್‌ಪಿಗಳ ಚಿಕಿತ್ಸೆ ಬಗ್ಗೆ ಅಧ್ಯಯನಗಳು ಏನು ಹೇಳುತ್ತವೆ?

ಎರಡೂ ಕಡೆಯವರು ತಮಗೆ ಬೇಕಾದ್ದನ್ನು ತೋರಿಸುತ್ತಾರೆ. 2000ದಲ್ಲಿ ಪ್ರಕಟವಾದ ನ್ಯೂಯಾರ್ಕಿನ ಒಂದು ಪ್ರಯೋಗದಲ್ಲಿ 1,316 ರೋಗಿಗಳನ್ನು ಎನ್‌ಪಿ ಮತ್ತು ಡಾಕ್ಟರ್ ನಡುವೆ ಚೀಟಿ ಎತ್ತಿದಂತೆ ಹಂಚಿದರು. ಆರು ತಿಂಗಳ ನಂತರ ಆರೋಗ್ಯದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಪ್ರಾಥಮಿಕ ಆರೈಕೆಯ ಬಗ್ಗೆ ಆಮೇಲೆ ಬಂದ ವಿಮರ್ಶೆಗಳೂ ಹೆಚ್ಚುಕಮ್ಮಿ ಅದನ್ನೇ ಹೇಳಿದವು.

ಆದರೆ 2022ರಲ್ಲಿ ಡೇವಿಡ್ ಚಾನ್ ಮತ್ತು ಯಿಕುನ್ ಚೆನ್ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳನ್ನು ನೋಡಿದರು. ಎನ್‌ಪಿ ನೋಡಿದ ರೋಗಿಗಳು ಅಲ್ಲಿ ಶೇ 11ರಷ್ಟು ಹೆಚ್ಚು ಹೊತ್ತು ಇದ್ದರು. ತಡೆಯಬಹುದಾಗಿದ್ದ ಆಸ್ಪತ್ರೆ ದಾಖಲಾತಿ 30 ದಿನದೊಳಗೆ ಶೇ 20ರಷ್ಟು ಹೆಚ್ಚಾಗಿತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಹಂಚಿಕೊಳ್ಳಲ್ಲ: ಎನ್‌ಪಿಗಳ ನಡುವೆಯೇ, ಡಾಕ್ಟರ ನಡುವೆಯೇ ಇರುವ ವ್ಯತ್ಯಾಸ ಈ ಎರಡು ವೃತ್ತಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು.

ಇವೆರಡೂ ಒಂದಕ್ಕೊಂದು ವಿರುದ್ಧ ಅಂತ ನನಗೆ ಅನ್ನಿಸಲ್ಲ. 2000ದ ಪ್ರಯೋಗದಲ್ಲಿದ್ದವರು ಆ ಕಾಲದ ತರಬೇತಿಯವರು, ನೋಡಿದ್ದು ಕ್ಲಿನಿಕ್ಕಿನ ರೋಗಿಗಳನ್ನು. ತುರ್ತು ವಿಭಾಗದ ಕೆಲಸ ಬೇರೆ. ಹಳೆಯ ಫಲಿತಾಂಶ ತೋರಿಸಿ ಇವತ್ತಿನ ಯಾವುದೇ ಕೋರ್ಸ್ ಸರಿ ಅನ್ನುವುದು ಅಜ್ಜನ ಅಂಕಪಟ್ಟಿ ಹಿಡಿದು ಮೊಮ್ಮಗನಿಗೆ ಕೆಲಸ ಕೇಳಿದ ಹಾಗೆ.

ಇದೆಲ್ಲ ಡಾಕ್ಟರ ಹೊಟ್ಟೆಕಿಚ್ಚು ಅಲ್ವಾ?

ಅದೂ ಇದೆ. ವೈದ್ಯರ ಸಂಘಗಳು ಎನ್‌ಪಿಗಳ ಸ್ವತಂತ್ರ ಅಧಿಕಾರವನ್ನು ಬಹಳ ಹಿಂದಿನಿಂದ ವಿರೋಧಿಸುತ್ತಾ ಬಂದಿವೆ. ಆದರೆ ಈಗ ತರಬೇತಿ ಸಾಲದು ಅಂತ ಜೋರಾಗಿ ಹೇಳುತ್ತಿರುವವರಲ್ಲಿ ಎನ್‌ಪಿಗಳೇ ಬಹಳ ಮಂದಿ. ಹೊಸಬರ ತಪ್ಪನ್ನು ಮೊದಲು ತಿದ್ದುವವರೂ ಅವರೇ, ತಮ್ಮ ಹೆಸರು ಕೆಡುವುದನ್ನು ನೋಡುವವರೂ ಅವರೇ. 750 ಗಂಟೆ ಅಂತ ಬರೆದದ್ದೂ ನರ್ಸಿಂಗ್ ಸಂಘಟನೆಗಳೇ, ಡಾಕ್ಟರಲ್ಲ.

ನಿಯಮ ಬಿಗಿ ಮಾಡಿದರೆ ಎನ್‌ಪಿಗಳು ಕಮ್ಮಿಯಾಗಿ ಹಳ್ಳಿ ಜನಕ್ಕೆ ತೊಂದರೆ ಆಗಲ್ವಾ?

ಆಗಬಹುದು. ಈ ಪ್ರಶ್ನೆಯನ್ನು ಹಗುರವಾಗಿ ತಗೊಳ್ಳಬಾರದು. 1910ರಲ್ಲಿ ಶಿಕ್ಷಣ ತಜ್ಞ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಕಾಲೇಜುಗಳನ್ನು ನೋಡಿ ವರದಿ ಬರೆದರು. ಕಳಪೆ ಕಾಲೇಜುಗಳು ಸಾಲುಸಾಲಾಗಿ ಮುಚ್ಚಿದವು, ಉಳಿದವುಗಳ ಮಟ್ಟ ಏರಿತು. ಎನ್‌ಪಿ ಓದಿಗೂ ಅಂಥದ್ದೊಂದು ವರದಿ ಬೇಕು ಅಂತ ಈಗ ಹಲವರು ಹೇಳುತ್ತಾರೆ. ಆದರೆ ಆ ವರದಿ ಬಂದ ಮೇಲೆ ಕಪ್ಪು ಜನರಿಗಿದ್ದ ಏಳು ವೈದ್ಯಕೀಯ ಕಾಲೇಜುಗಳಲ್ಲಿ ಉಳಿದದ್ದು ಹೊವಾರ್ಡ್ ಮತ್ತು ಮೆಹಾರಿ, ಎರಡೇ. ಆ ಪೆಟ್ಟಿನ ಗುರುತು ಇನ್ನೂ ಹೋಗಿಲ್ಲ.

ಹಾಗಾಗಿ ಬಾಗಿಲು ಮುಚ್ಚುವ ಮೊದಲು ದುಡ್ಡು ಎಲ್ಲಿಂದ ಅಂತ ಹೇಳಬೇಕು. ಹಳ್ಳಿಯ ಕ್ಲಿನಿಕ್ಕಿಗೆ ಪ್ರಿಸೆಪ್ಟರ್ ಭತ್ಯೆ ಕೊಟ್ಟರೆ, ವಿದ್ಯಾರ್ಥಿಗಳು ಅಲ್ಲೇ ಕಲಿತರೆ, ಕೆಲವರಾದರೂ ಅಲ್ಲೇ ಉಳಿಯುತ್ತಾರೆ.

ನಿಯಮ ಬದಲಿಸುವವರು ಯಾರು?

ಒಬ್ಬರಲ್ಲ, ಅದೇ ತಲೆನೋವು. ಲೈಸೆನ್ಸ್ ರಾಜ್ಯದ ನರ್ಸಿಂಗ್ ಮಂಡಳಿಯದು. ಕಾಲೇಜಿಗೆ ಮಾನ್ಯತೆ ಕೊಡುವ ಸಂಸ್ಥೆಗಳು ಬೇರೆ, ಪರೀಕ್ಷೆ ನಡೆಸುವವರು ಬೇರೆ. ಈ ನಾಲ್ಕನ್ನೂ, ಅಂದರೆ ಲೈಸೆನ್ಸ್, ಮಾನ್ಯತೆ, ಪ್ರಮಾಣಪತ್ರ, ಓದು, ಒಂದೇ ದಾರಿಗೆ ತರಲು 2008ರಲ್ಲಿ ಒಮ್ಮತದ ಮಾದರಿಯೊಂದು ಬಂತು. ಹಲವು ರಾಜ್ಯಗಳು ಅದನ್ನು ತಮಗೆ ಬೇಕಾದಷ್ಟು ಮಾತ್ರ ಒಪ್ಪಿಕೊಂಡವು.

ನಾನು ಈಗ ಕಾಲೇಜು ಆರಿಸಬೇಕು. ಏನು ಕೇಳಲಿ?

ಮಾನ್ಯತೆ ಇದೆಯಾ ಅಂತ ಕೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಮಾನ್ಯತೆ ಇರುವ ಕಳಪೆ ಕೋರ್ಸ್‌ಗಳೂ ಇವೆ. ಮೊದಲ ಸಲಕ್ಕೇ ಪರೀಕ್ಷೆ ಪಾಸಾದವರು ಎಷ್ಟು, ಸೇರಿದವರಲ್ಲಿ ಮುಗಿಸಿದವರು ಎಷ್ಟು ಅಂತ ಕೇಳಿ. ಎರಡನೇ ಸಂಖ್ಯೆ ಹೇಳದೆ ಮೊದಲನೆಯದನ್ನು ಮಾತ್ರ ಹೇಳಿದರೆ ಅನುಮಾನ ಪಡಿ. ಅಧ್ಯಾಪಕರಲ್ಲಿ ಈಗಲೂ ರೋಗಿಗಳನ್ನು ನೋಡುವವರು ಯಾರು ಅಂತ ಕೇಳಿ. ನನ್ನ ಪ್ರಿಸೆಪ್ಟರ್ ಹತ್ತಿರ ಬಂದು, ನಾನು ರೋಗಿಯನ್ನು ಪರೀಕ್ಷೆ ಮಾಡುವುದನ್ನು ಅಧ್ಯಾಪಕರು ಎಷ್ಟು ಸಲ ನೋಡುತ್ತಾರೆ ಅಂತಲೂ ಕೇಳಿ.

ಆಮೇಲೆ ಇದನ್ನು ಕೇಳಿ: "ನನ್ನ ಮೊದಲ ಕ್ಲಿನಿಕಲ್ ಸೆಮಿಸ್ಟರ್ ಯಾವ ಕ್ಲಿನಿಕ್ಕಿನಲ್ಲಿ, ಯಾರ ಹತ್ತಿರ?" ಹೆಸರು ಹೇಳಿದರೆ ಮಾತು ಮುಂದುವರಿಸಿ. "ಅದನ್ನು ನೀವೇ ನೋಡಿಕೊಳ್ಳಬೇಕು, ನಾವು ಮಾರ್ಗದರ್ಶನ ಮಾಡ್ತೀವಿ" ಅಂದರೆ, ಫೀಸು ಯಾಕೆ ಅಂತ ಅಲ್ಲೇ ಕೇಳಿಬಿಡಿ.